ಬೆಂಗಳೂರಿನಲ್ಲಿ ಮೂರು ದಿನ: ಒಳ್ಳೆಯ ಪಿಜ್ಜಾ ಹುಡುಕೋದು ಹೇಗೆ?

ತೋಟದಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿತ ಮುಗಿದು ಮನೆಯಲ್ಲಿ ಈಗ ಸ್ವಲ್ಪ ಬಿಡುವು. ಮಗಳಿಗೂ ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರ ಮೂರು ದಿನ ಬೆಂಗಳೂರಿಗೆ ಹೋಗೋಣ ಅಂತಿದ್ದೇವೆ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಅಮ್ಮ. ಸಾಗರದಿಂದ ರಾತ್ರಿ ರೈಲು, ಮಲ್ಲೇಶ್ವರದಲ್ಲಿ ಅಣ್ಣನ ಮನೆಯಲ್ಲಿ ಉಳಿಯೋದು.

ಮಗಳದ್ದು ಒಂದೇ ಬೇಡಿಕೆ. ಕಟ್ಟಿಗೆ ಒಲೆಯಲ್ಲಿ ಬೇಯಿಸಿದ ಪಿಜ್ಜಾ ತಿನ್ನಬೇಕಂತೆ. ಮೊಬೈಲಿನಲ್ಲಿ ನೋಡಿದ್ದಾಳೆ. ಹಿಟ್ಟು ಒಲೆಯೊಳಗೆ ಹೋದ ಕೂಡಲೇ ಅಂಚು ಪೂರಿ ತರಹ ಉಬ್ಬುತ್ತದೆ, ಅದನ್ನ ಕಣ್ಣಾರೆ ನೋಡಬೇಕು ಅಂತಾಳೆ.

ಹೋದ ವರ್ಷ ಒಂದು ಮಾಲ್‌ನಲ್ಲಿ ಬೋರ್ಡ್ ನೋಡಿ ಒಳಗೆ ಹೋಗಿದ್ದೆವು. ಅರ್ಧ ಗಂಟೆ ಕಾದೆವು. ಬಂದದ್ದು ಬನ್ನಿನಷ್ಟು ದಪ್ಪದ ರೊಟ್ಟಿ, ಮೇಲೆ ಚೀಸ್, ಅದರ ಮೇಲೆ ಸ್ವೀಟ್ ಕಾರ್ನ್. ಎರಡನೇ ತುಂಡಿಗೆ ಕೈ ಹಾಕುವಷ್ಟರಲ್ಲಿ ಚೀಸ್ ರಬ್ಬರಿನಂತಾಗಿತ್ತು. ಮಗಳು ಮುಖ ಸಣ್ಣ ಮಾಡಿಕೊಂಡು ಅರ್ಧ ಬಿಟ್ಟಳು. ಬಿಲ್ 1,700 ರೂಪಾಯಿ. ಹಣಕ್ಕಿಂತ ಅವಳ ಮುಖವೇ ನನಗೆ ಇನ್ನೂ ನೆನಪಿದೆ.

ನೆಟ್‌ನಲ್ಲಿ ಹುಡುಕಿದರೆ ‘ಟಾಪ್ ಹತ್ತು’ ಅಂತ ಬೇಕಾದಷ್ಟು ಪಟ್ಟಿ ಸಿಗುತ್ತವೆ. ಒಂದರಲ್ಲಿದ್ದ ಹೆಸರು ಇನ್ನೊಂದರಲ್ಲಿ ಇಲ್ಲ. ಯಾವುದನ್ನ ನಂಬೋದು? ಹೆಸರು ಹೇಳಿ, ಜೊತೆಗೆ ನೀವು ಅದನ್ನ ಹೇಗೆ ಆರಿಸಿದಿರಿ ಅಂತಲೂ ಹೇಳಿ. ಅಮ್ಮ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ತಿನ್ನಲ್ಲ. ಅವರನ್ನ ಸುಮ್ನೆ ನೀರು ಕುಡಿಸಿ ಕೂರಿಸೋಕೆ ನನಗೆ ಮನಸ್ಸಿಲ್ಲ.

ದುರ್ಗಿಗುಡಿ ಹುಡುಗ

ಅಣ್ಣಾ, ನಾನು ಶಿವಮೊಗ್ಗದವನು, ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷ. ಮೊದಲು ಹೆಸರು ಹೇಳಿಬಿಡ್ತೇನೆ. ಚರ್ಚ್ ಸ್ಟ್ರೀಟಿನಲ್ಲಿ ಬ್ರಿಕ್ ಓವನ್. ಇಂದಿರಾನಗರದಲ್ಲಿ ದಿ ಪಿಜ್ಜಾ ಬೇಕರಿ. ಎರಡರಲ್ಲೂ ಕಟ್ಟಿಗೆ ಒಲೆಯ ಪಿಜ್ಜಾ. ಎರಡಕ್ಕೂ ಊರಲ್ಲಿ ಒಂದಕ್ಕಿಂತ ಜಾಸ್ತಿ ಶಾಖೆ ಇವೆ. ಹೊರಡುವ ಮೊದಲು ಒಂದು ಫೋನ್ ಮಾಡಿ, ಒಲೆ ಕೂತ ಜಾಗದಿಂದ ಕಾಣುತ್ತದಾ ಅಂತಲೂ ಕೇಳಿ. ನಿಮ್ಮ ಮಗಳಿಗೆ ಮುಖ್ಯವಾದದ್ದು ಅದೇ ಅಲ್ವಾ.

ಮಲ್ಲೇಶ್ವರದಿಂದ ದಾರಿ ಸುಲಭ. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮೆಟ್ರೋಗೆ ಬದಲಾಯಿಸಿ. ಎಂ.ಜಿ. ರಸ್ತೆಯಲ್ಲಿ ಇಳಿದರೆ ಚರ್ಚ್ ಸ್ಟ್ರೀಟ್ ನಡೆಯುವಷ್ಟು ದೂರ. ಅದೇ ರೈಲಿನಲ್ಲಿ ಇನ್ನು ಮೂರು ನಿಲ್ದಾಣ ಹೋದರೆ ಇಂದಿರಾನಗರ. ಅಮ್ಮನವರನ್ನ ಕರೆದುಕೊಂಡು ಟ್ರಾಫಿಕ್‌ನಲ್ಲಿ ಆಟೋದಲ್ಲಿ ಕೂರಬೇಡಿ.

ಇನ್ನು ಹುಡುಕೋ ವಿಷಯ. ನಾನು ನಕ್ಷತ್ರ ನೋಡಲ್ಲ, ಫೋಟೋ ನೋಡ್ತೇನೆ. ಅಂಗಡಿಯವರು ಹಾಕಿದ್ದಲ್ಲ, ತಿಂದವರು ಹಾಕಿದ್ದು. ಕತ್ತಲಲ್ಲಿ, ಕೈ ಅಲುಗಾಡಿ ತೆಗೆದ ಫೋಟೋಗಳಲ್ಲಿ ನಿಜ ಇರುತ್ತದೆ. ಅದರಲ್ಲಿ ಎರಡು ಜಾಗ ನೋಡಬೇಕು. ಒಂದು ಅಂಚು. ಒಂದೇ ಬಣ್ಣ, ಒಂದೇ ಎತ್ತರ, ಅಚ್ಚಿಗೆ ಹಾಕಿದ ಹಾಗಿದ್ದರೆ ಅದು ಕಾರ್ಖಾನೆಯಿಂದ ಬಂದ ಬೇಸ್ ಇರಬಹುದು. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಾಗಿದ್ದರೆ ಕೈಯಲ್ಲಿ ತಟ್ಟಿದ್ದು. ಎರಡನೆಯದು ತಳ. ಯಾರಾದರೂ ತುಂಡು ಎತ್ತಿ ಹಿಡಿದ ಫೋಟೋ ಸಿಕ್ಕರೆ ತಳ ನೋಡಿ. ಬಿಳಿಚಿಕೊಂಡಿದ್ದರೆ ಬಿಟ್ಟುಬಿಡಿ.

ಬರೆದದ್ದನ್ನ ಓದುವಾಗ ಮೂರು ನಕ್ಷತ್ರ ಕೊಟ್ಟವರದ್ದು ಓದಿ. ಐದು ಕೊಟ್ಟವರು ಸೂಪರ್ ಅಂತ ಬರೆದು ಹೋಗ್ತಾರೆ, ಒಂದು ಕೊಟ್ಟವರದ್ದು ಪಾರ್ಕಿಂಗ್ ಜಗಳ. ಮೂರು ಕೊಟ್ಟವರು ಕೂತು ಯೋಚನೆ ಮಾಡಿರ್ತಾರೆ. ತಾರೀಕನ್ನೂ ನೋಡಿ. ಒಲೆ ಮುಂದೆ ನಿಲ್ಲುವ ಹುಡುಗ ಕೆಲಸ ಬಿಟ್ಟು ಹೋದರೆ ಅದೇ ಹೋಟೆಲು ಎರಡು ತಿಂಗಳಲ್ಲಿ ಬೇರೆ ಆಗುತ್ತದೆ.

ಭದ್ರಾವತಿ ಬೇಕರಿ

ದುರ್ಗಿಗುಡಿ ತಮ್ಮ ಹೇಳಿದ್ದು ಸರಿ. ನಾನು ಮೂವತ್ತು ವರ್ಷದಿಂದ ಬೇಕರಿ ಭಟ್ಟಿ ಮುಂದೆ ನಿಂತವನು. ಹಿಟ್ಟಿನ ಕಡೆಯಿಂದ ಸ್ವಲ್ಪ ಹೇಳ್ತೇನೆ. ಪಿಜ್ಜಾ ಅಂದರೆ ಮೊದಲು ಹಿಟ್ಟು, ಆಮೇಲೆ ಬೆಂಕಿ. ಮೇಲೆ ಹಾಕುವುದೆಲ್ಲ ಮೂರನೆಯದು. ಜನ ಮೂರನೆಯದನ್ನ ನೋಡಿ ಅಂಗಡಿ ಆರಿಸ್ತಾರೆ, ಅಲ್ಲೇ ಎಡವೋದು.

ನಮ್ಮ ಮನೆ ದೋಸೆ ಹಿಟ್ಟನ್ನ ನೆನಪು ಮಾಡಿಕೊಳ್ಳಿ. ರುಬ್ಬಿದ ತಕ್ಷಣ ಹುಯ್ದರೆ ದೋಸೆ ಆಗುತ್ತದೆ, ರುಚಿ ಇರಲ್ಲ. ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮುಚ್ಚಳ ತೆಗೆದಾಗ ಹುಳಿ ವಾಸನೆ ಮೂಗಿಗೆ ಬರಬೇಕು. ಪಿಜ್ಜಾ ಹಿಟ್ಟೂ ಹಾಗೇ. ಪಿಜ್ಜಾ ಹುಟ್ಟಿದ ಇಟಲಿಯ ನೇಪಲ್ಸ್ ಊರಿನ ಪದ್ಧತಿಯಲ್ಲಿ ಮೈದಾದಂಥ ನಯ ಹಿಟ್ಟು, ನೀರು, ಉಪ್ಪು, ಈಸ್ಟ್, ಇಷ್ಟೇ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಹಾಲು ಇಲ್ಲ. ಈಸ್ಟ್ ಚಿಟಿಕೆಯಷ್ಟು ಮಾತ್ರ. ಎಂಟು ಗಂಟೆಯಿಂದ ಒಂದು ದಿನದವರೆಗೆ ಸುಮ್ನೆ ಬಿಡುತ್ತಾರೆ. ಕೆಲವರು ಫ್ರಿಜ್‌ನಲ್ಲಿಟ್ಟು ಎರಡು ದಿನವೂ ಕಾಯ್ತಾರೆ. ಅವಸರದವರು ಈಸ್ಟ್ ಜಾಸ್ತಿ ಹಾಕಿ ಒಂದು ಗಂಟೆಯಲ್ಲಿ ಉಬ್ಬಿಸ್ತಾರೆ. ಅಂಥದ್ದನ್ನ ತಿಂದರೆ ನನಗಂತೂ ರಾತ್ರಿಯೆಲ್ಲ ಹೊಟ್ಟೆ ಭಾರ, ಬಾಯಾರಿಕೆ.

ಈಗ ಬೆಂಕಿ. ನನ್ನ ಭಟ್ಟಿಯಲ್ಲಿ ಬನ್ನು ಬೇಯೋದು 200 ಡಿಗ್ರಿ ಆಸುಪಾಸಿನಲ್ಲಿ. ನೇಪಲ್ಸ್ ತರಹದ ಒಲೆಯಲ್ಲಿ 430ರಿಂದ 480 ಡಿಗ್ರಿ ಇರಬೇಕು. ಪಿಜ್ಜಾ ಒಳಗಿರೋದು 60ರಿಂದ 90 ಸೆಕೆಂಡ್ ಅಷ್ಟೇ. ಕೆಳಗಿನ ಕಲ್ಲು ಕಾವಲಿಯ ಕೆಲಸ ಮಾಡುತ್ತದೆ. ಮೇಲಿನ ಗುಮ್ಮಟ ಬೆಂಕಿಯ ಕಾವನ್ನ ಕೆಳಗೆ ಬಗ್ಗಿಸುತ್ತದೆ. ಹಿಂದೆ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸ್ತಿದ್ದರಲ್ಲ, ಹಾಗೆ. ಹಿಟ್ಟಿನೊಳಗಿನ ನೀರು ಒಣಗೋಕೆ ಸಮಯವೇ ಸಿಗಲ್ಲ, ಒಂದೇ ಸಲ ಆವಿಯಾಗಿ ಅಂಚನ್ನ ಎತ್ತುತ್ತದೆ. ಅದಕ್ಕೇ ಹೊರಗೆ ಸುಟ್ಟ ಚುಕ್ಕೆ, ಒಳಗೆ ಮೆತ್ತಗೆ. ಕಾವು ಕಡಿಮೆ ಇದ್ದರೆ ಹತ್ತು ನಿಮಿಷ ಒಳಗಿಡಬೇಕು. ಅಷ್ಟರಲ್ಲಿ ಹಿಟ್ಟು ರಸ್ಕಿನ ಹಾದಿ ಹಿಡಿಯುತ್ತದೆ.

ಆ ಕಪ್ಪು ಚುಕ್ಕೆ ನೋಡಿ ಸೀದುಹೋಗಿದೆ ಅಂತ ವಾಪಸ್ ಕಳಿಸಬೇಡಿ. ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳಕ್ಕೆ ಬರುತ್ತದಲ್ಲ, ಅದೇ ಚುಕ್ಕೆ ಅದು. ಪೂರ್ತಿ ಕರಿ ಇದ್ದು ಕಹಿಯಾಗಿದ್ದರೆ ಮಾತ್ರ ತಪ್ಪು.

ಒಂದು ಪರೀಕ್ಷೆ ಹೇಳ್ತೇನೆ. ಬಂದ ಪಿಜ್ಜಾದ ಅಂಚನ್ನ ಮೊದಲು ಮುರಿದು, ಏನೂ ಹಚ್ಚದೆ ಬರಿದೇ ತಿನ್ನಿ. ಒಳಗೆ ದೊಡ್ಡದು ಸಣ್ಣದು ಸೇರಿ ತೂತುಗಳಿರಬೇಕು. ಬಾಯಲ್ಲಿ ಗೋಧಿಯ ಸಿಹಿ, ಸ್ವಲ್ಪ ಹುಳಿ. ಅಂಚನ್ನ ತಟ್ಟೆಯಲ್ಲಿ ಬಿಡುವ ಹಾಗಿದ್ದರೆ ಆ ಅಂಗಡಿ ಒಳ್ಳೆಯದಲ್ಲ, ಮೇಲೆ ಎಷ್ಟೇ ಸಿಂಗಾರ ಮಾಡಿರಲಿ.

ಆಗುಂಬೆ ಘಾಟಿ

ಎಂತಾ ಮಾರಾಯ್ರೆ, ಬೆಂಗಳೂರಿಗೆ ಹೋಗಿ ಪಿಜ್ಜಾ ಹುಡುಕೋದಾ? ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹುಯ್ತಾ ಇದೆ. ನೀವು ಉಳಿಯುವ ಮಲ್ಲೇಶ್ವರದಲ್ಲೇ ಸಿ.ಟಿ.ಆರ್. ಇದೆ. ಮೂರೇ ದಿನ ಇರೋದು. ಅಮ್ಮನಿಗೆ ಹಿಡಿಸುವುದನ್ನ ಕೊಡಿಸಿ. ಆ ಚೀಸು ಮೈದಾ ಎಲ್ಲ ಮಕ್ಕಳಿಗೆ ಅಷ್ಟೊಂದು ಒಳ್ಳೆಯದಲ್ಲ ಅನ್ನೋದು ನನ್ನ ಅಭಿಪ್ರಾಯ.

ತೋಟದಮನೆ, ಸಾಗರ

ಘಾಟಿಯವರೇ, ಸಿ.ಟಿ.ಆರ್. ದೋಸೆ ಬೆಳಗಿನ ತಿಂಡಿಗೆ ಆಗಲೇ ನಿಶ್ಚಯ ಆಗಿದೆ. ಆದರೆ ದೋಸೆ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಆಗುತ್ತದೆ. ನೀರುದೋಸೆ, ಸೌತೆಕಾಯಿ ದೋಸೆ, ಹಲಸಿನ ಕಾಲದಲ್ಲಿ ಹಲಸಿನ ಹಣ್ಣಿನ ದೋಸೆ. ಊರಲ್ಲಿ ಸಿಗದ್ದನ್ನ ಪೇಟೆಯಲ್ಲಿ ತಿನ್ನೋಣ ಅಂತ ಹುಡುಗಿಗೆ ಆಸೆ. ವರ್ಷಕ್ಕೊಂದು ಸಲ ತಾನೇ. ತಿನ್ನುವುದಾದರೆ ಒಳ್ಳೆಯದನ್ನೇ ತಿನ್ನಲಿ.

ಬೇಕರಿ ಅಣ್ಣಾ, ನೀವು ಬರೆದದ್ದನ್ನ ಮಗಳಿಗೆ ಓದಿ ಹೇಳಿದೆ. 90 ಸೆಕೆಂಡ್ ಅನ್ನೋದನ್ನ ಅವಳು ನಂಬ್ತಾ ಇಲ್ಲ.

ಹೊಸನಗರ, ಹಡಗಿನ ಕೆಲಸ

ನಂಬಲಿಕ್ಕೆ ಹೇಳಿ. ನಾನು ಎಣಿಸಿದ್ದೇನೆ. ಹಡಗಿನ ಕೆಲಸದಲ್ಲಿ ಎರಡು ಸಲ ನೇಪಲ್ಸ್ ಬಂದರಿನಲ್ಲಿ ಇಳಿದಿದ್ದೆ. ಮೊದಲ ಸಲ ಬಂದರಿನ ಎದುರೇ, ಆರು ಭಾಷೆಯಲ್ಲಿ ಮೆನು ಹಾಕಿಕೊಂಡು ಬಾಗಿಲಲ್ಲಿ ನಿಂತು ಕೈ ಬೀಸಿ ಕರೆದವರ ಹತ್ತಿರ ತಿಂದೆ. ಚೆನ್ನಾಗಿರಲಿಲ್ಲ. ಪಿಜ್ಜಾ ಹುಟ್ಟಿದ ಊರಿನಲ್ಲೇ ಕೆಟ್ಟ ಪಿಜ್ಜಾ ತಿಂದೆನಲ್ಲ ಅಂತ ಬೇಜಾರಾಯಿತು.

ಎರಡನೇ ಸಲ ಲಾಂತಿಕಾ ಪಿಜ್ಜೆರಿಯಾ ದ ಮಿಕೆಲೆಗೆ ಹೋದೆ. 1870ರಿಂದ ಇರುವ ಮನೆತನ. ಬಾಗಿಲಲ್ಲಿ ಚೀಟಿ ಕೊಟ್ಟರು, ನಂಬರ್ ಕೂಗುವವರೆಗೆ ಬೀದಿಯಲ್ಲೇ ನಿಂತೆ. ಬಹಳ ಕಾಲ ಅಲ್ಲಿ ಸಿಗುತ್ತಿದ್ದದ್ದು ಎರಡೇ ಬಗೆ, ಮರಿನಾರಾ ಮತ್ತು ಮಾರ್ಗರಿಟಾ. ಮರಿನಾರಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇರುತ್ತದೆ. ಹೆಸರಿನಲ್ಲಿ ಸಮುದ್ರ ಇದ್ದರೂ ಮೀನಿಲ್ಲ, ಚೀಸೂ ಇಲ್ಲ. ಮಾರ್ಗರಿಟಾದಲ್ಲಿ ಟೊಮೆಟೊ, ಮೊಜರೆಲ್ಲಾ, ಬೆಸಿಲ್ ಎಲೆ. ಕೆಂಪು, ಬಿಳಿ, ಹಸಿರು. 1889ರಲ್ಲಿ ರಾಣಿ ಮಾರ್ಗರಿಟಾ ಬಂದಾಗ ಇಟಲಿಯ ಬಾವುಟದ ಬಣ್ಣದಲ್ಲಿ ಮಾಡಿಕೊಟ್ಟರು ಅನ್ನೋ ಕತೆ ಇದೆ. ಇತಿಹಾಸ ಬರೆಯುವವರು ಆ ಕತೆಯನ್ನ ಪೂರ್ತಿ ಒಪ್ಪುವುದಿಲ್ಲ, ಆದರೆ ಊರವರು ಪ್ರೀತಿಯಿಂದ ಹೇಳ್ತಾರೆ.

ಒಂದು ಮಾತು ಮುಂಚೆಯೇ ಗೊತ್ತಿರಲಿ. ಆ ಪಿಜ್ಜಾದ ನಡುಭಾಗ ಒದ್ದೆ ಇರುತ್ತದೆ. ತುಂಡು ಎತ್ತಿದರೆ ತುದಿ ಜೋಲುತ್ತದೆ. ಬೆಂದಿಲ್ಲ ಅಂದುಕೊಳ್ಳಬೇಡಿ, ಅದು ಇರೋದೇ ಹಾಗೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೂರ್ತಿ ಪಿಜ್ಜಾ ತಟ್ಟೆಯಲ್ಲಿ ಕೊಡ್ತಾರೆ, ಚಾಕು ಮುಳ್ಳುಚಮಚದಲ್ಲಿ ತಿನ್ನುತ್ತಾರೆ. ಬೀದಿಯಲ್ಲಾದರೆ ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ಕೈಗೆ ಕೊಡ್ತಾರೆ.

ಅಲ್ಲಿ ಇದನ್ನ ಕಾಪಾಡೋಕೆ 1984ರಲ್ಲಿ ಒಂದು ಸಂಘ ಕಟ್ಟಿದರು. ಹಿಟ್ಟು ಎಷ್ಟು, ಒಲೆ ಹೇಗೆ, ಅಳತೆ 35 ಸೆಂಟಿಮೀಟರ್ ಮೀರಬಾರದು, ಎಲ್ಲಕ್ಕೂ ನಿಯಮ ಇದೆ. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಪಿಜ್ಜಾ ಅಲ್ಲ, ಅದನ್ನ ಮಾಡುವವರ ಕೈಕಸುಬು. ನನಗೆ ಅದು ತುಂಬಾ ಹಿಡಿಸಿತು. ನಮ್ಮಲ್ಲಿ ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತಾ ಅಡಿಕೆ ಕೊನೆ ಇಳಿಸೋದನ್ನ ನೋಡಿದವರಿಗೆ ಕೈಕಸುಬಿನ ಬೆಲೆ ಏನು ಅಂತ ಗೊತ್ತು.

ಯಾವ ಊರಿಗೆ ಹೋದರೂ ಈಗ ನನ್ನ ಕ್ರಮ ಇಷ್ಟೇ. ಬಾಗಿಲಲ್ಲಿ ನಿಂತು ಕರೆಯುವ ಜಾಗಕ್ಕೆ ಹೋಗಲ್ಲ. ಮೆನು ಸಣ್ಣದಿರಬೇಕು. ಪಿಜ್ಜಾ, ನೂಡಲ್ಸ್, ಬಿರಿಯಾನಿ ಎಲ್ಲ ಒಂದೇ ಕಡೆ ಇದ್ದರೆ ಹಿಟ್ಟಿನ ಮೇಲೆ ಯಾರ ಗಮನವೂ ಇರೋದಿಲ್ಲ. ಮೊದಲ ಸಲ ಮಾರ್ಗರಿಟಾ ಮಾತ್ರ ಹೇಳ್ತೇನೆ. ಅದರಲ್ಲಿ ತಪ್ಪನ್ನ ಮುಚ್ಚಿಡೋಕೆ ಜಾಗವೇ ಇಲ್ಲ.

ಶೃಂಗೇರಿ ಅಕ್ಕ

ತೋಟದಮನೆಯವರೇ, ನಿಮ್ಮ ಅಮ್ಮನವರ ವಿಷಯ ಯಾರೂ ಹೇಳಲಿಲ್ಲ, ಅದಕ್ಕೇ ಬರೀತಿದ್ದೇನೆ. ನನ್ನ ಅತ್ತೆಯವರೂ ಅದೇ ಪಥ್ಯದವರು. ಅವರನ್ನ ಕರೆದುಕೊಂಡು ಓಡಾಡಿ ಕಲಿತದ್ದು ಇದೆಲ್ಲ.

ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತ ಉದ್ದಕ್ಕೆ ವಿವರಿಸಬೇಡಿ. ‘ಜೈನ್ ಮಾಡಿಕೊಡ್ತೀರಾ’ ಅಂತ ಕೇಳಿ. ಬೆಂಗಳೂರಿನ ಹೋಟೆಲಿನವರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತದೆ. ಸಾಸ್ ಬಗ್ಗೆ ಬೇರೆಯಾಗಿ ಕೇಳಬೇಕು. ನೇಪಲ್ಸ್ ಕ್ರಮದಲ್ಲಿ ಮಾರ್ಗರಿಟಾಗೆ ಟೊಮೆಟೊ ಹಿಸುಕಿ ಉಪ್ಪು ಹಾಕಿ ಹಸಿಯಾಗಿಯೇ ಸವರುತ್ತಾರೆ, ಬೆಳ್ಳುಳ್ಳಿ ಇರಲ್ಲ. ಆದರೆ ನಮ್ಮಲ್ಲಿ ಎಷ್ಟೋ ಅಡುಗೆಮನೆಗಳಲ್ಲಿ ಬೆಳ್ಳುಳ್ಳಿ ಹಾಕಿ ಕುದಿಸಿದ ಸಾಸ್ ಬೆಳಿಗ್ಗೆಯೇ ತಯಾರಾಗಿರುತ್ತದೆ. ಮೇಲಿಂದ ಈರುಳ್ಳಿ ತೆಗೆದು ಕೊಟ್ಟರೆ ಏನೂ ಪ್ರಯೋಜನ ಇಲ್ಲ.

ಚೀಸ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಾಲು ಒಡೆಸೋಕೆ ರೆನೆಟ್ ಅಂತ ಒಂದು ವಸ್ತು ಹಾಕ್ತಾರೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜಿಯಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಆಗಬೇಕು, ಅದು ಅಲ್ಲಿನ ನಿಯಮ. ಸಸ್ಯಾಹಾರಿ ಚೀಸಿಗೆ ಸೂಕ್ಷ್ಮಜೀವಿಯಿಂದ ತಯಾರಿಸಿದ ರೆನೆಟ್ ಬಳಸ್ತಾರೆ. ಪಿಜ್ಜಾ ಮೇಲೆ ಕೊನೆಗೆ ತುರಿದು ಉದುರಿಸುವ ಚೀಸ್ ಯಾವುದು ಅಂತ ಕೇಳಿ. ಅಸಲಿ ಪಾರ್ಮಿಜಾನೊ ಅಂದರೆ ಅಮ್ಮನ ಪಿಜ್ಜಾಕ್ಕೆ ಅದು ಬೇಡ ಅನ್ನಿ. ಕೇಳೋಕೆ ಸಂಕೋಚ ಬೇಡ. ಒಳ್ಳೆಯ ಜಾಗದಲ್ಲಿ ಪ್ಯಾಕೆಟ್ಟನ್ನೇ ತಂದು ತೋರಿಸ್ತಾರೆ.

ಪೂರ್ತಿ ಸಸ್ಯಾಹಾರಿ ಅಡುಗೆಮನೆಯೇ ಬೇಕಿದ್ದರೆ ಲಿಟಲ್ ಇಟಲಿ ಅಂತ ಹೋಟೆಲುಗಳಿವೆ, ಅವು ಸಸ್ಯಾಹಾರಿಯೇ. ಹೊರದೇಶಕ್ಕೆ ಹೋಗುವವರಿಗೂ ಒಂದು ಮಾತು. ಇಟಲಿಯಲ್ಲಿ ಪೆಪೆರೋನಿ ಅಂದರೆ ದೊಣ್ಣೆ ಮೆಣಸಿನಕಾಯಿ. ಅಮೆರಿಕದಲ್ಲಿ ಪೆಪ್ಪರೋನಿ ಅಂದರೆ ಹಂದಿ, ದನದ ಮಾಂಸದ ಸಾಸೇಜ್. ಹೆಸರು ಒಂದೇ ತರಹ ಕೇಳುತ್ತದೆ, ಜೋಪಾನ.

ವಿನೋಬನಗರ ಅಜ್ಜಿ

ಅಕ್ಕ ಒಳ್ಳೆಯ ಕಾಲಕ್ಕೆ ಹೇಳಿದಿರಿ. ಮಗಳ ಬಾಣಂತನಕ್ಕೆ ಜೂನ್‌ನಲ್ಲಿ ನ್ಯೂಜೆರ್ಸಿಗೆ ಹೋಗ್ತಿದ್ದೇನೆ, ಆರು ತಿಂಗಳು ಅಲ್ಲೇ. ಅಳಿಯ ಪ್ರತಿ ಶುಕ್ರವಾರ ಪಿಜ್ಜಾ ತರಿಸ್ತಾರಂತೆ. ನ್ಯೂಯಾರ್ಕ್ ಪಿಜ್ಜಾ ಬೇರೆ ಅಂತಾರೆ, ಹೌದಾ? ಗೊತ್ತಿದ್ದವರು ತಿಳಿಸಿ.

ಕೊಪ್ಪದವಳು, ಎಡಿಸನ್

ಅಮ್ಮಾ, ನಾನು ಕೊಪ್ಪದವಳು, ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಹೌದು, ಬೇರೆಯೇ. ಇಲ್ಲಿನ ಪಿಜ್ಜಾ ಅಗಲ, ಸುಮಾರು 18 ಇಂಚು. ಎಂಟು ತುಂಡು ಮಾಡಿ ಬಿಡಿಬಿಡಿಯಾಗಿ ಮಾರ್ತಾರೆ. ತುಂಡನ್ನ ಉದ್ದಕ್ಕೆ ಮಡಚಿ, ನಡೆಯುತ್ತಾ ತಿನ್ನೋದು. ಮಡಚಿದಾಗ ಹೊರಗೆ ಚಟ್ ಅನ್ನಬೇಕು, ಒಳಗೆ ಮುರಿಯಬಾರದು. ನೇಪಲ್ಸ್ ಪಿಜ್ಜಾದ ಹಾಗೆ ಒದ್ದೆ ಇರಲ್ಲ, ನಿಮಗೆ ಇದೇ ಹಿಡಿಸಬಹುದು.

ಮ್ಯಾನ್‌ಹಟನ್‌ನಲ್ಲಿ ಲೊಂಬಾರ್ಡೀಸ್ ಅಂತ ಇದೆ. 1905ರ ಹೆಸರು, ಅಮೆರಿಕದ ಮೊದಲ ಪಿಜ್ಜಾ ಅಂಗಡಿ ಅಂತ ಕರೀತಾರೆ. ಕಲ್ಲಿದ್ದಲಿನ ಒಲೆ. ಕೋನಿ ಐಲ್ಯಾಂಡ್‌ನ ಟೊಟೊನೊಸ್ 1924ರದ್ದು. ಆದರೆ ದೊಡ್ಡ ಹೆಸರಿಗಿಂತ ಬೀದಿಯ ಸ್ಲೈಸ್ ಅಂಗಡಿಗಳೇ ಈ ಊರಿನ ಜೀವ ಅಂತ ನನಗನ್ನಿಸುತ್ತದೆ. ಅವನ್ನ ಆರಿಸೋದು ಹೀಗೆ. ಗಾಜಿನ ಹಿಂದೆ ಇಟ್ಟ ಪಿಜ್ಜಾಗಳನ್ನ ಐದು ನಿಮಿಷ ನೋಡ್ತಾ ನಿಲ್ಲಿ. ಬೇಗ ಬೇಗ ಖಾಲಿಯಾಗಿ ಹೊಸದು ಬರ್ತಾ ಇದ್ದರೆ ಒಳಗೆ ಹೋಗಿ. ಮೇಲಿನ ಚೀಸ್ ಬೆವತು ಒಣಗಿ ಕೂತಿದ್ದರೆ ಮುಂದೆ ನಡೆಯಿರಿ. ಹತ್ತು ಬಗೆಯ ತರಕಾರಿ ಹಾಕಿದ್ದು ಬೇಡ. ಬರೀ ಚೀಸ್ ಇರುವ ಪ್ಲೇನ್ ಸ್ಲೈಸ್ ಕೇಳಿ. ಅದೇ ಎಲ್ಲಕ್ಕಿಂತ ಜಾಸ್ತಿ ಹೋಗೋದು, ಹಾಗಾಗಿ ಅದೇ ತಾಜಾ ಇರೋದು.

ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತನ್ನಿ. ಪಿಜ್ಜಾ ಅಂಚಿಗೆ ನೆಂಚಿಕೊಂಡರೆ ಎಷ್ಟು ಚೆನ್ನ ಅಂತ ಇಲ್ಲಿ ನಮ್ಮ ಮನೆಯವರಿಗೆಲ್ಲ ಗೊತ್ತು.

ದುರ್ಗಿಗುಡಿ ಹುಡುಗ

ಅಪ್ಪೆಮಿಡಿ ಹೆಸರು ಕೇಳಿ ಬಾಯಲ್ಲಿ ನೀರು ಬಂತು, ಅಕ್ಕಾ.

ಹಳೆಯದೊಂದು ನೆನಪಾಯಿತು. ನಾವು ಚಿಕ್ಕವರಿದ್ದಾಗ ಶಿವಮೊಗ್ಗದಲ್ಲಿ ಪಿಜ್ಜಾ ಅಂದರೆ ಬೇಕರಿ ಪಿಜ್ಜಾ. ಸಿಹಿ ಬನ್ನಿನಂಥ ತಳ, ಮೇಲೆ ಟೊಮೆಟೊ ಕೆಚಪ್, ತುರಿದ ಕ್ಯಾರೆಟ್, ದೊಣ್ಣೆ ಮೆಣಸು. ಚೀಸ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಪ್ಪ ಸಂಬಳದ ದಿನ ತರುತ್ತಿದ್ದರು, ನಾಲ್ಕು ಜನ ಒಂದನ್ನ ಹಂಚಿಕೊಳ್ತಿದ್ದೆವು. ಪಿಜ್ಜಾ ಹಟ್ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 1996ರಲ್ಲಿ, ಅದೂ ಬೆಂಗಳೂರಿನಲ್ಲೇ. ಆದರೂ ನಮಗೆ ಎಷ್ಟೋ ವರ್ಷ ಬೇಕರಿಯದ್ದೇ ಪಿಜ್ಜಾ. ಇವತ್ತಿಗೂ ಊರಿಗೆ ಬಂದಾಗ ಅದನ್ನ ತಿಂತೇನೆ. ಅದರ ರುಚಿ ಬೇರೆ. ಅದನ್ನ ಇದರ ಜೊತೆ ತೂಗಿ ನೋಡಬಾರದು.

ತೋಟದಮನೆ ಅಣ್ಣಾ, ಒಂದು ಹೇಳೋದು ಮರೆತೆ. ಶನಿವಾರ ಭಾನುವಾರ ಸಂಜೆ ಬೇಡ. ವಾರದ ದಿನ ಮಧ್ಯಾಹ್ನ ಹನ್ನೆರಡು ಕಾಲಕ್ಕೆ ಹೋಗಿ. ಒಲೆ ಚೆನ್ನಾಗಿ ಕಾದಿರುತ್ತದೆ, ಜನ ಕಡಿಮೆ. ಮನೆಗೆ ತರಿಸಿಕೊಳ್ಳೋದಂತೂ ಬೇಡವೇ ಬೇಡ. ಈ ಬಗೆಯ ಪಿಜ್ಜಾ ಡಬ್ಬಿಯೊಳಗೆ ಹತ್ತು ನಿಮಿಷ ಇದ್ದರೆ ತನ್ನ ಆವಿಯಲ್ಲೇ ನೆಂದು ಒದ್ದೆಯಾಗುತ್ತದೆ.

ತೋಟದಮನೆ, ಸಾಗರ

ಹೋಗಿ ಬಂದೆವು. ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ಪೂರ್ತಿ ಬರೀತೇನೆ.

ಮೊದಲ ದಿನ ಮಂಗಳವಾರ. ಹೇಳಿದ ಹಾಗೆ ಮೆಟ್ರೋದಲ್ಲಿ ಚರ್ಚ್ ಸ್ಟ್ರೀಟಿಗೆ ಹೋದೆವು. ಫೋನಿನಲ್ಲೇ ಒಲೆ ಕಾಣುವ ಟೇಬಲ್ ಕೇಳಿದ್ದೆ. ಹುಡುಗ ಉಂಡೆ ತೆಗೆದುಕೊಂಡು ಬೆರಳ ತುದಿಯಲ್ಲಿ ನಡುವಿನಿಂದ ಹೊರಗೆ ಒತ್ತುತ್ತಾ ಹೋದ. ಅಂಚನ್ನ ಮುಟ್ಟಲೇ ಇಲ್ಲ. ಲಟ್ಟಣಿಗೆ ಇಲ್ಲ. ಅಮ್ಮ ಅದನ್ನೇ ನೋಡ್ತಿದ್ದರು. ‘ರೊಟ್ಟಿ ತಟ್ಟೋದಕ್ಕಿಂತ ಮೆತ್ತಗೆ ತಟ್ತಾನೆ ನೋಡು, ಗಾಳಿ ಹೋಗಬಾರದು ಅಂತ’ ಅಂದರು. ಆಮೇಲೆ ಉದ್ದ ಹಿಡಿಯ ಸಲಿಕೆಯಲ್ಲಿ ಒಳಗೆ ತಳ್ಳಿದ. ಮಗಳು ಒಂದು, ಎರಡು ಅಂತ ಎಣಿಸೋಕೆ ಶುರು ಮಾಡಿದಳು. ಇಪ್ಪತ್ತಕ್ಕೆ ಅಂಚು ಎದ್ದಿತು. ನಲವತ್ತಕ್ಕೆ ಅವನು ತಿರುಗಿಸಿದ. ಅವಳ ಲೆಕ್ಕದಲ್ಲಿ 84ಕ್ಕೆ ಹೊರಗೆ. ಬೇಕರಿ ಅಂಕಲ್ ಹೇಳಿದ್ದು ನಿಜ ಅಂತ ಬರೀಬೇಕಂತೆ, ಬರೆದಿದ್ದೇನೆ.

ಅಮ್ಮನಿಗೆ ಜೈನ್ ಮಾರ್ಗರಿಟಾ ಹೇಳಿದೆವು. ಸಾಸ್ ಕೇಳಿದೆ, ತುರಿಯುವ ಚೀಸೂ ಕೇಳಿದೆ, ಸಮಾಧಾನವಾಗಿ ಉತ್ತರ ಕೊಟ್ಟರು. ತಟ್ಟೆ ಬಂದಾಗ ಅಮ್ಮ ಮೇಲಿನ ಎಲೆಯೊಂದನ್ನ ಎತ್ತಿ ಮೂಗಿನ ಹತ್ತಿರ ಹಿಡಿದರು. ‘ಇದು ಕಾಮಕಸ್ತೂರಿ ಅಲ್ವೇನೋ’ ಅಂದರು. ಹೌದು, ಬೆಸಿಲ್ ಅಂದರೆ ಅದೇ. ನಮ್ಮ ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕ ಪೊದೆಯಾಗಿ ಬೆಳೆದಿದೆ. ಬೀಜವನ್ನ ಪಾನಕಕ್ಕೆ ಹಾಕ್ತೇವೆ, ಎಲೆ ಯಾರೂ ಕೇಳೋರಿಲ್ಲ. ಇಷ್ಟು ದೂರ ಬಂದು ನಮ್ಮ ಅಂಗಳದ ಎಲೆಯನ್ನ ಕಂಡು ಅಮ್ಮನಿಗೆ ಎಷ್ಟು ಖುಷಿ ಆಯಿತು ಅಂದರೆ, ಆಮೇಲೆ ಅವರೇ ಎರಡನೇ ತುಂಡು, ಮೂರನೇ ತುಂಡು ಅಂತ ತೆಗೆದುಕೊಂಡರು. ಅಂಚನ್ನ ಮುರಿದು, ಒಳಗಿನ ತೂತು ನೋಡಿ, ‘ಹಿಟ್ಟು ಚೆನ್ನಾಗಿ ಹುಳಿ ಬಂದಿದೆ’ ಅಂದರು. ಅಷ್ಟು ಸಾಕಿತ್ತು ನನಗೆ.

ನಡುಭಾಗ ಒದ್ದೆ ಇತ್ತು. ಹೊಸನಗರದವರು ಹೇಳದೇ ಇದ್ದಿದ್ದರೆ ನಾನು ಖಂಡಿತ ವಾಪಸ್ ಕೊಡ್ತಿದ್ದೆ. ಹೆಂಡತಿಗೆ ಆ ಒದ್ದೆ ಹಿಡಿಸಲಿಲ್ಲ, ಅವಳಿಗೆ ಅಂಚೇ ಇಷ್ಟವಾಯಿತು.

ಎರಡನೇ ದಿನ ತಿಂಡಿಗೆ ಸಿ.ಟಿ.ಆರ್. ದೋಸೆ. ಘಾಟಿಯವರೇ, ನಿಮ್ಮ ಹೆಸರು ಹೇಳಿಯೇ ತಿಂದೆವು. ಸಂಜೆ ಅಣ್ಣನ ಮಕ್ಕಳ ಒತ್ತಾಯಕ್ಕೆ ಇನ್ನೊಂದು ಕಡೆಯಿಂದ ಮನೆಗೇ ತರಿಸಿದೆವು. ಮುಕ್ಕಾಲು ಗಂಟೆ ತಡ. ತಣ್ಣಗಾಗಿ, ಡಬ್ಬಿಯ ರಟ್ಟಿಗೆ ಅಂಟಿಕೊಂಡು ಬಂತು. ದುರ್ಗಿಗುಡಿ ತಮ್ಮ ಬೇಡವೇ ಬೇಡ ಅಂತ ಬರೆದಿದ್ದ. ಕೇಳಬೇಕಿತ್ತು.

ಮೂರನೇ ದಿನ ಇಂದಿರಾನಗರ. ಮಗಳು ಮೆನು ನೋಡದೆ ಮಾರ್ಗರಿಟಾ ಅಂದಳು. ಬಂದ ಕೂಡಲೇ ತುಂಡು ಎತ್ತಿ, ತಳ ತಿರುಗಿಸಿ ನೋಡಿ, ಅಂಚು ಮುರಿದು, ಆಮೇಲೆ ತಿಂದಳು. ಪಕ್ಕದ ಟೇಬಲಿನವರು ಅವಳನ್ನೇ ನೋಡ್ತಿದ್ದರು. ಯಾವುದು ಚೆನ್ನ ಅಂತ ಕೇಳಿದರೆ ಮೊದಲ ದಿನದ್ದರಲ್ಲಿ ಟೊಮೆಟೊ ಚೆನ್ನ, ಇದರಲ್ಲಿ ಹಿಟ್ಟು ಚೆನ್ನ ಅಂದಳು. ನನಗೂ ಹಾಗೇ ಅನ್ನಿಸಿತು.

ಈಗ ಹೊಸ ಸಮಸ್ಯೆ. ಮನೆಯಲ್ಲೇ ಮಾಡಬೇಕಂತೆ. ಬಚ್ಚಲ ಒಲೆಯಲ್ಲಿ ಆಗುತ್ತಾ ಅಂತ ಕೇಳ್ತಿದ್ದಾಳೆ. ಬೇಕರಿ ಅಣ್ಣಾ, ನೀವೇ ಹೇಳಿ.

ಭದ್ರಾವತಿ ಬೇಕರಿ

ಓದಿ ತುಂಬಾ ಸಂತೋಷ ಆಯಿತು. 84 ಸೆಕೆಂಡ್ ಅಂದರೆ ಒಲೆ ಸರಿಯಾಗಿತ್ತು.

ಬಚ್ಚಲ ಒಲೆ ಬೇಡ, ಬೂದಿ ಹಾರುತ್ತದೆ, ಮೇಲಿಂದ ಕಾವು ಬರಲ್ಲ. ಮನೆಯ ಓವನ್ ಇದ್ದರೆ 250 ಡಿಗ್ರಿಗೆ ಇಟ್ಟು ಮುಕ್ಕಾಲು ಗಂಟೆ ಬರಿದೇ ಕಾಯಿಸಿ. ದಪ್ಪ ಕಬ್ಬಿಣದ ಕಾವಲಿಯನ್ನ ಒಳಗೇ ಇಟ್ಟಿರಿ, ಅದರ ಮೇಲೆ ಪಿಜ್ಜಾ ಜಾರಿಸಿ. ಎಂಟು ಹತ್ತು ನಿಮಿಷ ಬೇಕು. ನೇಪಲ್ಸಿನದ್ದು ಆಗಲ್ಲ, ಆದರೆ ಒಳ್ಳೆಯದೇ ಆಗುತ್ತದೆ. ಓವನ್‌ನಲ್ಲಿ ಮಾಡುವಾಗ ಹಿಟ್ಟಿಗೆ ಒಂದು ಚಮಚ ಎಣ್ಣೆ ಸೇರಿಸಿ, ಒಣಗೋದು ಕಡಿಮೆ.

ಹಿಟ್ಟಿನ ಲೆಕ್ಕ: ಅರ್ಧ ಕೆಜಿ ಮೈದಾ, 300 ಮಿಲಿಲೀಟರ್ ನೀರು, 12 ಗ್ರಾಂ ಉಪ್ಪು, ಒಣ ಈಸ್ಟ್ ಒಂದು ಚಿಟಿಕೆ. ರಾತ್ರಿ ಕಲಸಿ, ಮುಚ್ಚಿ, ಬೆಳಿಗ್ಗೆ ನಾಲ್ಕು ಉಂಡೆ ಮಾಡಿ. ಏಪ್ರಿಲ್ ಸೆಕೆಯಲ್ಲಿ ಬೇಗ ಹುಳಿ ಬರುತ್ತದೆ, ಫ್ರಿಜ್‌ನಲ್ಲಿಡಿ. ಎಲೆ ನಿಮ್ಮ ಅಂಗಳದಲ್ಲೇ ಇದೆ.

ಭದ್ರಾವತಿ ಕಡೆ ಬರುವುದಿದ್ದರೆ ಮಗುವನ್ನ ಕರೆದುಕೊಂಡು ಬನ್ನಿ. ನನ್ನದು ಕಟ್ಟಿಗೆ ಭಟ್ಟಿ. ಬೆಂಕಿ ಎಳೆಯುವ ಮೊದಲು, ಕಲ್ಲು ತೀರಾ ಬಿಸಿ ಇರುವಾಗ ಎರಡು ಪಿಜ್ಜಾ ಹಾಕಿ ನೋಡೋಣ.

ತೋಟದಮನೆ, ಸಾಗರ

ಬರುವ ಭಾನುವಾರ ಬರಬಹುದಾ ಅಣ್ಣಾ? ಎಷ್ಟು ಹೊತ್ತಿಗೆ?

ಭದ್ರಾವತಿ ಬೇಕರಿ

ಬನ್ನಿ. ಬೆಳಿಗ್ಗೆ ಒಂಬತ್ತರ ಒಳಗೆ ಇಲ್ಲಿರಿ, ಆಮೇಲೆ ಬನ್ನಿನ ಸರದಿ. ಕಾಮಕಸ್ತೂರಿ ಎಲೆ ಒಂದು ಹಿಡಿ ತನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.